ಚಾವೆಜ್ ಕೊಟ್ಟ ಉದ್ರಿ ತೈಲ, ಅದು ತಂದ ಮತಗಳು

ಪ್ರಶ್ನೆ: ವೆನೆಜುವೆಲಾದ ಅಧ್ಯಕ್ಷರಾಗಿದ್ದ ಹ್ಯೂಗೊ ಚಾವೆಜ್ ಜಗತ್ತಿನ ರಾಜಕೀಯದ ದಿಕ್ಕನ್ನೇ ಬದಲಿಸಿದರು ಎಂದು ಕೆಲವರು ಬರೆಯುತ್ತಾರೆ. ಅದೆಲ್ಲ ಭಾಷಣದ ಅಬ್ಬರ, ತೈಲದ ಬೆಲೆ ಇಳಿದ ಕೂಡಲೇ ಏನೂ ಉಳಿಯಲಿಲ್ಲ ಎನ್ನುವವರೂ ಇದ್ದಾರೆ. ನಾನು ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ, ಕಿರುಪ್ರಬಂಧಕ್ಕೆ ಇದೇ ವಿಷಯ ಆರಿಸಿಕೊಂಡಿದ್ದೇನೆ. ಇಂಥ ವಿವಾದಾಸ್ಪದ ನಾಯಕರ ಪ್ರಭಾವವನ್ನು ಅಳೆಯಲು ಏನನ್ನು ನೋಡಬೇಕು?

ಉತ್ತರ: ಭಾಷಣಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ತೈಲದ ಹಡಗಿನ ಬಿಲ್ಲಿನಿಂದ ಶುರು ಮಾಡಿ. ನೀವು ಹೇಳಿದ ಎರಡೂ ಪಂಗಡದವರು ಚಾವೆಜ್ ಆಡಿದ ಮಾತನ್ನೇ ತೂಗುತ್ತಿದ್ದಾರೆ. ಅವರ ಪ್ರಭಾವ ನಿಜವೇ ಆಗಿತ್ತು, ಆದರೆ ಅದು ಅಡಗಿದ್ದದ್ದು ಪಾವತಿಯ ಷರತ್ತುಗಳಲ್ಲಿ. ಕೆರಿಬಿಯನ್ ದ್ವೀಪಗಳು, ಮಧ್ಯ ಅಮೆರಿಕ ಮತ್ತು ಕ್ಯೂಬಾದಲ್ಲಿ, ಹೆಚ್ಚುಕಡಿಮೆ 2005ರಿಂದ 2014ರವರೆಗೆ ಅದು ಗಟ್ಟಿಯಾಗಿತ್ತು. ಆ ವಲಯದಿಂದ ಹೊರಗೆ ಹೋದಂತೆಲ್ಲ ತೆಳುವಾಗುತ್ತಿತ್ತು, ಕೆಲವು ಕಡೆ ತಿರುಗುಬಾಣವೂ ಆಯಿತು.

ಮೊದಲು, ಹಂಚಲು ಅವರ ಕೈಗೆ ಏನು ಸಿಕ್ಕಿತು ಎಂಬುದು. 1998ರ ಡಿಸೆಂಬರ್‌ನಲ್ಲಿ ಚಾವೆಜ್ ಗೆದ್ದಾಗ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ 10 ಡಾಲರ್‌ನ ಆಸುಪಾಸಿನಲ್ಲಿತ್ತು. ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್ ನಿಗದಿಪಡಿಸಿದ್ದ ಉತ್ಪಾದನಾ ಕೋಟಾವನ್ನು ಮೀರಿ ತೈಲ ತೆಗೆಯುವ ಅಭ್ಯಾಸ ವೆನೆಜುವೆಲಾಕ್ಕೆ ಮೊದಲಿನಿಂದ ಇತ್ತು. ಹೊಸ ಸರ್ಕಾರ ಅದನ್ನು ನಿಲ್ಲಿಸಿತು. 2000ದ ಆಗಸ್ಟ್‌ನಲ್ಲಿ ಚಾವೆಜ್ ಒಪೆಕ್ ದೇಶಗಳನ್ನೆಲ್ಲ ಸುತ್ತಿ ಬಾಗ್ದಾದಿಗೂ ಹೋದರು. 1991ರ ಕೊಲ್ಲಿ ಯುದ್ಧದ ನಂತರ ಸದ್ದಾಂ ಹುಸೇನರನ್ನು ಅಲ್ಲಿಗೇ ಹೋಗಿ ಕಂಡ ಮೊದಲ ರಾಷ್ಟ್ರಾಧ್ಯಕ್ಷ ಅವರೇ. ಮರುತಿಂಗಳು ಕರಾಕಸ್‌ನಲ್ಲಿ ಒಪೆಕ್ ಮುಖ್ಯಸ್ಥರ ಶೃಂಗಸಭೆ ಸೇರಿತು. 1975ರ ಅಲ್ಜಿಯರ್ಸ್ ಸಭೆಯ ನಂತರ ಅಂಥದ್ದು ನಡೆದದ್ದು ಅದೇ ಮೊದಲು. ಬೆಲೆ ಏರಿದ್ದಕ್ಕೆ ಈ ಓಡಾಟವೇ ಕಾರಣ ಎಂದು ಬರೆದರೆ ಪರೀಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಚೀನಾದ ಬೇಡಿಕೆ, ಇರಾಕ್ ಯುದ್ಧ, ಹೂಡಿಕೆದಾರರ ಸಟ್ಟಾ ಎಲ್ಲವೂ ಸೇರಿ 2008ರ ಜುಲೈನಲ್ಲಿ ಬೆಲೆಯನ್ನು 147 ಡಾಲರ್‌ಗೆ ಮುಟ್ಟಿಸಿದವು. ಆದರೆ ಏರಿದ ಬೆಲೆಯ ಲಾಭ ಪಡೆಯಲು ತಯಾರಾಗಿ ಕುಳಿತಿದ್ದವರು ಚಾವೆಜ್.

ತಯಾರಾಗಿದ್ದರು ಎಂದರೆ ಏನು? ಸರ್ಕಾರಿ ತೈಲ ಕಂಪನಿ ಪಿಡಿವಿಎಸ್ಎ ಅಲ್ಲಿಯವರೆಗೆ ತನ್ನ ಪಾಡಿಗೆ ತಾನು ನಡೆಯುವ ವೃತ್ತಿಪರ ಸಂಸ್ಥೆಯಾಗಿತ್ತು. ಯಾರಿಗೆ ಎಷ್ಟು ಉದ್ರಿ ಕೊಡಬೇಕೆಂದು ಅಧ್ಯಕ್ಷರು ಹೇಳುವಂತಿರಲಿಲ್ಲ. 2002ರ ಏಪ್ರಿಲ್‌ನ ಸೇನಾದಂಗೆ ಎರಡೇ ದಿನಕ್ಕೆ ಮುರಿದುಬಿತ್ತು. ಅದೇ ಡಿಸೆಂಬರ್‌ನಿಂದ 2003ರ ಫೆಬ್ರವರಿವರೆಗೆ ನಡೆದ ತೈಲ ಮುಷ್ಕರವೂ ಸೋತಾಗ ಸುಮಾರು 18,000 ನೌಕರರನ್ನು ವಜಾ ಮಾಡಲಾಯಿತು. 2004ರ ಕೊನೆಯಿಂದ ಇಂಧನ ಸಚಿವ ರಾಫೆಲ್ ರಮಿರೆಜ್ ಅವರೇ ಕಂಪನಿಯ ಅಧ್ಯಕ್ಷರೂ ಆದರು. ಅಲ್ಲಿಂದ ಮುಂದೆ ವಿದೇಶಾಂಗ ನೀತಿಗೂ ತೈಲದ ಲೆಕ್ಕಪುಸ್ತಕಕ್ಕೂ ನಡುವೆ ಗೋಡೆ ಉಳಿಯಲಿಲ್ಲ. ಪ್ರಭಾವಕ್ಕೆ ಬಂಡವಾಳ ಒದಗಿದ್ದು ಈ ವಜಾದಿಂದ, ಮುಂದೆ ಆ ಬಂಡವಾಳ ಕರಗಿದ್ದೂ ಇದರಿಂದಲೇ. ವಜಾ ಆದವರಲ್ಲಿ ಬಾವಿಗಳನ್ನು, ಸಂಸ್ಕರಣಾಗಾರಗಳನ್ನು ನಡೆಸಬಲ್ಲ ಎಂಜಿನಿಯರ್‌ಗಳ ಒಂದು ಇಡೀ ತಲೆಮಾರೇ ಇತ್ತು.

ಇನ್ನು ಮುಖ್ಯ ವಿಷಯ, ಪೆಟ್ರೋಕರೀಬೆ. ನಿಮ್ಮ ಪ್ರಬಂಧದ ಅರ್ಧದಷ್ಟಾದರೂ ಇದರ ಮೇಲೆ ಇರಬೇಕು. 2005ರ ಜೂನ್ 29ರಂದು ವೆನೆಜುವೆಲಾದ ಪ್ವೆರ್ತೊ ಲಾ ಕ್ರೂಸ್ ಪಟ್ಟಣದಲ್ಲಿ ಸಹಿಯಾದ, ಕೆರಿಬಿಯನ್ ದೇಶಗಳಿಗೆ ಉದ್ರಿಯಲ್ಲಿ ತೈಲ ಕೊಡುವ ಒಪ್ಪಂದ ಇದು. ಹೈಟಿ, ಹೊಂಡುರಾಸ್, ಗ್ವಾಟೆಮಾಲಾ ಮುಂತಾದವು ಆಮೇಲೆ ಸೇರಿದವು. ತೈಲವನ್ನು ಕಡಿಮೆ ಬೆಲೆಗೆ ಕೊಟ್ಟರು ಎಂದು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಅದು ಸರಿಯಲ್ಲ. ಬಿಲ್ಲು ಆಗುತ್ತಿದ್ದದ್ದು ಪೂರ್ತಿ ಮಾರುಕಟ್ಟೆ ದರದಲ್ಲೇ. ರಿಯಾಯಿತಿ ಇದ್ದದ್ದು ಹಣ ಕೊಡುವ ಗಡುವಿನಲ್ಲಿ. ಬೆಲೆ ಏರಿದಷ್ಟೂ ಉದ್ರಿಯ ಪಾಲು ಏರುತ್ತಿತ್ತು: ಬ್ಯಾರೆಲ್‌ಗೆ 30 ಡಾಲರ್ ದಾಟಿದರೆ 25%, 40 ದಾಟಿದರೆ 30%, 50 ದಾಟಿದರೆ 40%, 100 ಮುಟ್ಟಿದರೆ 50%. ಉಳಿದದ್ದನ್ನು 90 ದಿನದೊಳಗೆ ಕೊಡಬೇಕು. ಬೆಲೆ 40 ಡಾಲರ್‌ಗಿಂತ ಮೇಲಿದ್ದಾಗ ಉದ್ರಿಯ ಭಾಗಕ್ಕೆ ಬಡ್ಡಿ 1%, ಅವಧಿ 25 ವರ್ಷ, ಅದರಲ್ಲಿ ಮೊದಲ ಎರಡು ವರ್ಷ ಅಸಲು ಕಟ್ಟಬೇಕಿಲ್ಲ. ಬೆಲೆ ಅದಕ್ಕಿಂತ ಕೆಳಗಿದ್ದರೆ ಬಡ್ಡಿ 2%, ಅವಧಿ 17 ವರ್ಷ. 2008ರ ಜುಲೈನಲ್ಲಿ ಮರಕೈಬೊ ಸಭೆಯಲ್ಲಿ ಇದನ್ನು ಇನ್ನೂ ಸಡಿಲಿಸಿ 100 ಡಾಲರ್ ದಾಟಿದಾಗ ಉದ್ರಿಯ ಪಾಲನ್ನು 60%ಕ್ಕೆ ಏರಿಸಿದರು.

ಇದರ ಬೆಲೆ ಎಷ್ಟು ಎಂದು ಒಂದು ಲೆಕ್ಕ ಮಾಡಿ ನೋಡೋಣ. ದಿನಕ್ಕೆ 10,000 ಬ್ಯಾರೆಲ್ ತರಿಸಿಕೊಳ್ಳುವ ಒಂದು ದ್ವೀಪರಾಷ್ಟ್ರ ಇದೆ ಎನ್ನಿ, ಬ್ಯಾರೆಲ್‌ಗೆ 100 ಡಾಲರ್. ವರ್ಷದ ಬಿಲ್ಲು 36.5 ಕೋಟಿ ಡಾಲರ್. 2005ರ ಕೋಷ್ಟಕದ ಪ್ರಕಾರ ಅರ್ಧ, ಅಂದರೆ 18.25 ಕೋಟಿ, ಉದ್ರಿ. ಆ ವರ್ಷದ ಸಾಲಕ್ಕೆ ಮೊದಲೆರಡು ವರ್ಷ ಕಟ್ಟಬೇಕಾದದ್ದು ವರ್ಷಕ್ಕೆ 18.25 ಲಕ್ಷ ಡಾಲರ್ ಬಡ್ಡಿ ಮಾತ್ರ. ಆಮೇಲೆ 23 ವರ್ಷ ಸಮಕಂತು: 100 ಡಾಲರ್ ಸಾಲಕ್ಕೆ ವರ್ಷಕ್ಕೆ ಸುಮಾರು 4 ಡಾಲರ್ 89 ಸೆಂಟ್. ಅದೇ ದೇಶ ಹೊರಗಿನ ಮಾರುಕಟ್ಟೆಯಲ್ಲಿ 8% ಬಡ್ಡಿಗೆ ಸಾಲ ಎತ್ತುತ್ತಿತ್ತು ಎಂದು ಇಟ್ಟುಕೊಂಡು ಈ ಕಂತುಗಳನ್ನೆಲ್ಲ ಇಂದಿನ ಮೌಲ್ಯಕ್ಕೆ ಇಳಿಸಿದರೆ 100 ಡಾಲರ್ ಸಾಲದ ನಿಜವಾದ ಭಾರ ಸುಮಾರು 45 ಡಾಲರ್. ಉಳಿದ 55 ದಾನ. ಆ ಲೆಕ್ಕದಲ್ಲಿ 100 ಡಾಲರ್‌ನ ಬ್ಯಾರೆಲ್ ಆ ದೇಶಕ್ಕೆ ಬಿದ್ದದ್ದು ಸುಮಾರು 73 ಡಾಲರ್‌ಗೆ. ಈ 73ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆದರೆ ಸರ್ಕಾರಗಳಿಗೆ ಖುಷಿ ಕೊಟ್ಟದ್ದು ಈ ರಿಯಾಯಿತಿಗಿಂತ ಇನ್ನೊಂದು ಸಂಗತಿ. ಪೆಟ್ರೋಲ್ ಬಂಕಿನಲ್ಲಿ ಜನ ಪೂರ್ತಿ ಬೆಲೆ ಕೊಡುತ್ತಾರೆ, ಅದೂ ಅಂದೇ, ನಗದಾಗಿ. ಸರ್ಕಾರ ಅದರಲ್ಲಿ ಅರ್ಧವನ್ನು ವೆನೆಜುವೆಲಾಕ್ಕೆ ಕಳಿಸಿ ಇನ್ನರ್ಧವನ್ನು ಕೈಯಲ್ಲಿ ಇಟ್ಟುಕೊಳ್ಳಬಹುದು. ಸಂಸತ್ತಿನಲ್ಲಿ ತೆರಿಗೆ ಏರಿಸುವ ಜಗಳವಿಲ್ಲ, ಐಎಂಎಫ್‌ನ ಷರತ್ತಿಲ್ಲ, ವಿಶ್ವಬ್ಯಾಂಕಿನ ತಪಾಸಣೆಯಿಲ್ಲ. ನಮ್ಮ ಹಳ್ಳಿಯ ಕಿರಾಣಿ ಅಂಗಡಿಯವನು ಉದ್ರಿ ಕೊಟ್ಟು ಗಿರಾಕಿಯನ್ನು ಹಿಡಿದಿಟ್ಟುಕೊಳ್ಳುವ ಹಾಗೆಯೇ ಇದು, ಒಂದು ವ್ಯತ್ಯಾಸ ಬಿಟ್ಟು: ಇಲ್ಲಿ ಗಿರಾಕಿ ಆ ಸಾಮಾನನ್ನು ಮರುಮಾರಾಟ ಮಾಡಿ ರೊಕ್ಕ ಎಣಿಸಿಕೊಳ್ಳುತ್ತಿದ್ದ.

ಹಾಗಾಗಿ ಪ್ರತಿ ದೇಶದಲ್ಲೂ ನೀವು ಕೇಳಬೇಕಾದ ಇನ್ನೊಂದು ಪ್ರಶ್ನೆ, ಆ ರೊಕ್ಕ ಯಾರ ಕೈಯಲ್ಲಿತ್ತು? ಚಾವೆಜ್ ಪ್ರಭಾವದ ಗುಣ ದೇಶದಿಂದ ದೇಶಕ್ಕೆ ಬದಲಾದದ್ದು ಇಲ್ಲೇ. ಜಮೈಕಾ 2006ರಲ್ಲಿ ಪೆಟ್ರೋಕರೀಬೆ ಅಭಿವೃದ್ಧಿ ನಿಧಿ ಎಂದು ಕಾನೂನುಬದ್ಧ ಸಂಸ್ಥೆ ಮಾಡಿ ಹಣವನ್ನು ಅದರಲ್ಲಿ ಇಟ್ಟಿತು, ಸರ್ಕಾರಿ ಸಂಸ್ಥೆಗಳಿಗೆ ಸಾಲ ಕೊಟ್ಟಿತು, ಲೆಕ್ಕ ಇಟ್ಟಿತು. ನಿಕರಾಗುವಾದಲ್ಲಿ ಹಣ ಬಜೆಟ್ಟಿನ ಒಳಗೆ ಬರಲೇ ಇಲ್ಲ. ಆಲ್ಬಾನಿಸಾ ಎಂಬ ಕಂಪನಿಯ ಮೂಲಕ ಅದು ಹರಿಯಿತು. ಅದರಲ್ಲಿ 51% ಪಿಡಿವಿಎಸ್ಎ, 49% ನಿಕರಾಗುವಾದ ಸರ್ಕಾರಿ ತೈಲ ಕಂಪನಿ. ಅಧ್ಯಕ್ಷ ಡೇನಿಯಲ್ ಒರ್ಟೆಗಾ ಅವರ ಕೈಗೆ ಸಂಸತ್ತು ಪ್ರಶ್ನಿಸಲಾಗದ ಹಣ ಬಂದದ್ದು ಹೀಗೆ. ಎಲ್ ಸಾಲ್ವಡಾರ್‌ನಲ್ಲಿ ಬಲಪಂಥೀಯ ಸರ್ಕಾರ ಇದ್ದಾಗಲೇ, 2006ರಲ್ಲಿ, ಎಡಪಕ್ಷ ಎಫ್ಎಂಎಲ್ಎನ್‌ನ ನಗರಸಭೆಗಳ ಜೊತೆ ಸೇರಿ ವೆನೆಜುವೆಲಾ ಆಲ್ಬಾ ಪೆತ್ರೊಲಿಯೊಸ್ ಎಂಬ ಕಂಪನಿ ತೆರೆಯಿತು. ಕೇಂದ್ರ ಸರ್ಕಾರವನ್ನು ದಾಟಿ ವಿರೋಧಪಕ್ಷದ ಜೊತೆ ನೇರ ವ್ಯಾಪಾರ ಎಂದರೆ ಅದು ನೆರವಲ್ಲ, ಪಕ್ಷ ಕಟ್ಟುವ ಕೆಲಸ.

ಹೈಟಿಯ ಕಥೆ ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿನ ಪೆಟ್ರೋಕರೀಬೆ ನಿಧಿಯಿಂದ ಸುಮಾರು 200 ಕೋಟಿ ಡಾಲರ್ ಖರ್ಚಾಯಿತು. 2010ರ ಭೂಕಂಪದ ನಂತರ ತುರ್ತುಸ್ಥಿತಿಯ ಹೆಸರಿನಲ್ಲಿ ಟೆಂಡರ್ ನಿಯಮಗಳನ್ನು ಸಡಿಲಿಸಿ ರಸ್ತೆ, ಆಸ್ಪತ್ರೆ, ವಸತಿಗೆಂದು ಗುತ್ತಿಗೆ ಕೊಟ್ಟರು. ಎಷ್ಟೋ ಕಾಮಗಾರಿ ಮುಗಿಯಲೇ ಇಲ್ಲ. ಸೆನೆಟ್ 2016 ಮತ್ತು 2017ರಲ್ಲಿ ವರದಿ ಮಾಡಿತು, ಲೆಕ್ಕಪರಿಶೋಧನಾ ನ್ಯಾಯಾಲಯ 2019ರಲ್ಲಿ ವಿವರವಾಗಿ ಬರೆಯಿತು. 2018ರ ಜುಲೈನಲ್ಲಿ ಸರ್ಕಾರ ಪೆಟ್ರೋಲ್ ದರವನ್ನು 38%, ಸೀಮೆಎಣ್ಣೆಯನ್ನು 51% ಏರಿಸಲು ಹೊರಟಾಗ ಗಲಭೆ ಎದ್ದಿತು. ಆಗಸ್ಟ್‌ನಲ್ಲಿ "ಪೆಟ್ರೋಕರೀಬೆ ದುಡ್ಡು ಎಲ್ಲಿ?" ಎಂಬ ಪ್ರಶ್ನೆ ದೊಡ್ಡ ಚಳವಳಿಯೇ ಆಯಿತು. ಚಾವೆಜ್ ತೀರಿಕೊಂಡು ಐದು ವರ್ಷದ ಮೇಲೆ, ಅವರು ಕೊಟ್ಟ ಉದ್ರಿ ಬೇರೊಂದು ದೇಶದ ರಾಜಕೀಯವನ್ನು ಅಲ್ಲಾಡಿಸಿತು. ಇದನ್ನೂ ಪ್ರಭಾವದ ಖಾತೆಗೇ ಬರೆಯಬೇಕು. ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಬರೆಯುವುದಿಲ್ಲ.

ಸಾಲವನ್ನು ಸರಕಿನಲ್ಲಿ ತೀರಿಸುವ ದಾರಿಯೂ ಒಪ್ಪಂದದಲ್ಲಿತ್ತು. ಗಯಾನ ಅಕ್ಕಿ ಕಳಿಸಿತು, ನಿಕರಾಗುವಾ ದನದ ಮಾಂಸ, ಡೊಮಿನಿಕನ್ ಗಣರಾಜ್ಯ ಕಪ್ಪು ಬೀನ್ಸ್. ಗಯಾನದ ರೈತರಿಗೆ ಬೇರೆಡೆಗಿಂತ ಒಳ್ಳೆಯ ಬೆಲೆ ಸಿಕ್ಕಿತು, ಅಕ್ಕಿ ಬೆಳೆ ಹೆಚ್ಚಿತು. 2015ರಲ್ಲಿ ಎರಡೂ ದೇಶಗಳ ನಡುವಿನ ಎಸ್ಸೆಕ್ವಿಬೊ ಪ್ರದೇಶದ ಗಡಿ ತಂಟೆ ಮತ್ತೆ ಕೆದರಿದಾಗ ವೆನೆಜುವೆಲಾ ಆ ಖರೀದಿಯನ್ನೇ ನಿಲ್ಲಿಸಿತು. ಆಗ ಅಧಿಕಾರದಲ್ಲಿದ್ದವರು ಚಾವೆಜ್ ಅವರ ಉತ್ತರಾಧಿಕಾರಿ ನಿಕೊಲಸ್ ಮದುರೊ.

ಇಷ್ಟು ಕೊಟ್ಟು ಚಾವೆಜ್ ಪಡೆದದ್ದೇನು? ಇಲ್ಲಿ ಮತದಾನದ ದಾಖಲೆಗಳಿಗೆ ಹೋಗಿ. ಆದರೆ ಗುಪ್ತ ಮತ ಮತ್ತು ಬಹಿರಂಗ ಮತ ಎರಡನ್ನೂ ಬೇರೆಬೇರೆ ಇಟ್ಟು ನೋಡಿ; ಈ ವಿಷಯದ ಮೇಲೆ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. 2006ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ವೆನೆಜುವೆಲಾ ನಿಂತಿತ್ತು, ಎದುರಾಳಿ ಗ್ವಾಟೆಮಾಲಾ. ಗುಪ್ತ ಮತ, ಮೂರನೇ ಎರಡರಷ್ಟು ಬೇಕು. ಆ ಸೆಪ್ಟೆಂಬರ್ 20ರಂದೇ ಚಾವೆಜ್ ಮಹಾಸಭೆಯ ವೇದಿಕೆಯಲ್ಲಿ ನಿಂತು, ಹಿಂದಿನ ದಿನ ಅಲ್ಲೇ ಮಾತಾಡಿದ್ದ ಜಾರ್ಜ್ ಬುಷ್ ಅವರನ್ನು ಸೈತಾನ ಎಂದು ಕರೆದು, ಗಂಧಕದ ವಾಸನೆ ಇನ್ನೂ ಹೋಗಿಲ್ಲ ಎಂದಿದ್ದರು. ಸಭೆಯಲ್ಲಿ ನಗು, ಚಪ್ಪಾಳೆ ಎರಡೂ ಬಂದವು. ಅಕ್ಟೋಬರ್‌ನಲ್ಲಿ ಶುರುವಾದ ಮತದಾನ 47 ಸುತ್ತು ನಡೆದರೂ ಯಾರೂ ಗೆಲ್ಲಲಿಲ್ಲ, ಇಬ್ಬರೂ ಹಿಂದೆ ಸರಿದು 48ನೇ ಸುತ್ತಿನಲ್ಲಿ ಪನಾಮಾ ಆಯ್ಕೆಯಾಯಿತು. ಅಮೆರಿಕವನ್ನು ಎದುರುಹಾಕಿಕೊಂಡು ಅಷ್ಟು ಸುತ್ತು ನಿಂತದ್ದು ಸಣ್ಣ ಮಾತಲ್ಲ. ಆದರೆ ಚಪ್ಪಾಳೆ ತಟ್ಟಿದವರೆಲ್ಲ ಮತಪೆಟ್ಟಿಗೆಯ ಬಳಿ ಹಾಗೇ ನಡೆದುಕೊಳ್ಳಲಿಲ್ಲ.

ಅಮೆರಿಕ ರಾಷ್ಟ್ರಗಳ ಸಂಘಟನೆಯಲ್ಲಿ, ಅಂದರೆ ಓಎಎಸ್‌ನಲ್ಲಿ, ಮತ ಬಹಿರಂಗ. ಅಲ್ಲಿ ಆಗ ಭಾಗವಹಿಸುತ್ತಿದ್ದ 34 ದೇಶಗಳಲ್ಲಿ 14 ಕೆರಿಬಿಯನ್ ಸಮುದಾಯದವು. ಡೊಮಿನಿಕಾದ ಜನಸಂಖ್ಯೆ ಸುಮಾರು 70,000, ಸೇಂಟ್ ವಿನ್ಸೆಂಟ್‌ನದು ಲಕ್ಷಕ್ಕೆ ಸ್ವಲ್ಪ ಮೇಲೆ. ನಮ್ಮ ಒಂದು ತಾಲ್ಲೂಕಿನಷ್ಟೂ ಜನರಿಲ್ಲದ ದೇಶಕ್ಕೂ ಬ್ರೆಜಿಲ್‌ಗೂ ಅಲ್ಲಿ ಒಂದೊಂದೇ ಮತ. ದಿನಕ್ಕೆ ಕೆಲವೇ ಸಾವಿರ ಬ್ಯಾರೆಲ್ ಕೊಟ್ಟು ಇಡೀ ಮತ ಪಡೆಯಬಹುದಾದ ಜಾಗ ಇದು. ಫಲ ಕಂಡದ್ದು ಚಾವೆಜ್ ತೀರಿಕೊಂಡ ಮೇಲೆ: 2017ರ ಜೂನ್‌ನಲ್ಲಿ ಮೆಕ್ಸಿಕೊದ ಕಾನ್‌ಕುನ್‌ನಲ್ಲಿ ವೆನೆಜುವೆಲಾ ಸರ್ಕಾರವನ್ನು ಟೀಕಿಸುವ ನಿರ್ಣಯಕ್ಕೆ 23 ಮತ ಬೇಕಿತ್ತು, ಬಿದ್ದದ್ದು 20. ವಿರೋಧ 5, ತಟಸ್ಥ 8. ಆ ಮೂರು ಮತಗಳ ಕೊರತೆಯಲ್ಲಿ ಹನ್ನೆರಡು ವರ್ಷದ ಉದ್ರಿ ಇತ್ತು. ತೈಲ ತಂದದ್ದು ಬೆಂಬಲದ ಮತಕ್ಕಿಂತ ಹೆಚ್ಚಾಗಿ ತಟಸ್ಥ ಮತ ಎಂಬುದನ್ನು ಗಮನಿಸಿ. ಸಣ್ಣ ದೇಶಗಳಿಗೆ ಅಮೆರಿಕವನ್ನು ಕೆಣಕುವ ಆಸೆಯಿರಲಿಲ್ಲ, ಸಾಲ ಕೊಟ್ಟವನನ್ನು ನೋಯಿಸುವ ಧೈರ್ಯವೂ ಇರಲಿಲ್ಲ.

2019ರ ಜನವರಿಗೆ ಬನ್ನಿ. ಮದುರೊ ಅವರ ಹೊಸ ಅವಧಿಯನ್ನು ಮಾನ್ಯ ಮಾಡುವುದಿಲ್ಲ ಎಂಬ ನಿರ್ಣಯಕ್ಕೆ 19 ಪರ, 6 ವಿರೋಧ, 8 ತಟಸ್ಥ. ಜಮೈಕಾ, ಡೊಮಿನಿಕನ್ ಗಣರಾಜ್ಯ, ಹೈಟಿ ಮೂರೂ ಪರವಾಗಿ, ಅಂದರೆ ಹಿಂದೆ ಸಾಲ ಕೊಟ್ಟವನ ವಿರುದ್ಧ, ಮತ ಹಾಕಿದವು. ಡೊಮಿನಿಕಾ, ಸೇಂಟ್ ವಿನ್ಸೆಂಟ್ ಆಗಲೂ ವೆನೆಜುವೆಲಾದ ಜೊತೆಗೇ ನಿಂತವು. ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ಮತ್ತೆ ಬಿಲ್ಲಿಗೇ ಬರುತ್ತೀರಿ. 2015ರ ಜನವರಿಯಲ್ಲಿ ಡೊಮಿನಿಕನ್ ಗಣರಾಜ್ಯ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ, ಸುಮಾರು 400 ಕೋಟಿ ಡಾಲರ್ ಸಾಲವನ್ನು 193 ಕೋಟಿ ಕೊಟ್ಟು ಚುಕ್ತಾ ಮಾಡಿತು. ಅದೇ ಜುಲೈನಲ್ಲಿ ಜಮೈಕಾ ಸುಮಾರು 300 ಕೋಟಿಯನ್ನು 150 ಕೋಟಿಗೆ ತೀರಿಸಿತು. ಮೇಲೆ ಮಾಡಿದ ಲೆಕ್ಕದಲ್ಲಿ 100 ಡಾಲರ್ ಸಾಲದ ಭಾರ 45 ಡಾಲರ್ ಎಂದು ಬಂದಿತ್ತಲ್ಲ, ಈ ಎರಡು ದೇಶ ಕೊಟ್ಟದ್ದು 48 ಮತ್ತು 50ರ ಸುತ್ತಮುತ್ತ. ಹಾಗಾಗಿ ವೆನೆಜುವೆಲಾ ಮೋಸ ಹೋಯಿತು ಎನ್ನುವಂತಿಲ್ಲ. ಆದರೆ ನಗದಿನ ಹಸಿವಿನಲ್ಲಿ ಸಾಲದ ಕಾಗದದ ಜೊತೆಗೆ ಅದರೊಳಗಿದ್ದ ಹಿಡಿತವನ್ನೂ ಮಾರಿಬಿಟ್ಟಿತು.

ಆ ನಗದಿನ ಹಸಿವು ಎಲ್ಲಿಂದ ಬಂತು? 73ರ ಲೆಕ್ಕವನ್ನು ಈಗ ವೆನೆಜುವೆಲಾದ ಕಡೆಯಿಂದ ನೋಡಿ: 100 ಡಾಲರ್ ಮಾಲಿಗೆ ಅದಕ್ಕೆ ಸಿಕ್ಕದ್ದು ಅಷ್ಟೇ, ಅದರಲ್ಲೂ ಕೈಗೆ ಬಂದ ನಗದು 50. 1998ರಲ್ಲಿ ದಿನಕ್ಕೆ 30 ಲಕ್ಷ ಬ್ಯಾರೆಲ್ ದಾಟಿದ್ದ ಉತ್ಪಾದನೆ ಚಾವೆಜ್ ತೀರಿಕೊಂಡ 2013ರ ಹೊತ್ತಿಗೆ ಸುಮಾರು 25 ಲಕ್ಷಕ್ಕೆ ಇಳಿದಿತ್ತು. ಅದರಲ್ಲಿ ದೇಶದೊಳಗೆ ಸುಡುತ್ತಿದ್ದದ್ದು ಹತ್ತಿರಹತ್ತಿರ ಪುಕ್ಕಟೆ. ಪೆಟ್ರೋಲ್ ಬೆಲೆ 2016ರ ಫೆಬ್ರವರಿವರೆಗೆ ಸುಮಾರು ಎರಡು ದಶಕ ಏರಿರಲಿಲ್ಲ. ಕ್ಯೂಬಾಕ್ಕೆ ಹೋಗುತ್ತಿದ್ದ ತೈಲಕ್ಕೆ ಬದಲಾಗಿ ಬರುತ್ತಿದ್ದದ್ದು ವೈದ್ಯರು: 2000ದ ಅಕ್ಟೋಬರ್ ಒಪ್ಪಂದದಲ್ಲಿ ದಿನಕ್ಕೆ 53,000 ಬ್ಯಾರೆಲ್ ಇದ್ದದ್ದು ಆಮೇಲೆ 90,000 ದಾಟಿತು. ಪೆಟ್ರೋಕರೀಬೆಯದು ಅರ್ಧ ಉದ್ರಿ. ಚೀನಾಕ್ಕೆ ಹೋಗುವ ಹಡಗುಗಳ ಬಹುಪಾಲು ಹಿಂದೆ ತಂದ ಸಾಲಕ್ಕೆ ವಜಾ. ಇವನ್ನೆಲ್ಲ ಕಳೆದರೆ ನಗದು ತರುವ ಗಿರಾಕಿಗಳು ಮುಖ್ಯವಾಗಿ ಇಬ್ಬರು: ದಿನಬೆಳಗಾದರೆ ಬೈಸಿಕೊಳ್ಳುತ್ತಿದ್ದ ಅಮೆರಿಕ, ಮತ್ತು ಭಾರತ.

ಭಾರತದ ಉದಾಹರಣೆ ನಿಮ್ಮ ಪ್ರಬಂಧಕ್ಕೆ ಒಳ್ಳೆಯ ಹೋಲಿಕೆ ಒದಗಿಸುತ್ತದೆ. 2005ರ ಮಾರ್ಚ್‌ನಲ್ಲಿ ಚಾವೆಜ್ ದೆಹಲಿಗೆ ಬಂದರು, ಕೊಲ್ಕತ್ತದಲ್ಲಿ ಎಡಪಕ್ಷಗಳ ಭಾರಿ ಸ್ವಾಗತ ಪಡೆದರು. 2008ರಲ್ಲಿ ಓಎನ್‌ಜಿಸಿ ವಿದೇಶ್ ಸ್ಯಾನ್ ಕ್ರಿಸ್ಟೊಬಲ್ ತೈಲಕ್ಷೇತ್ರದಲ್ಲಿ 40% ಪಾಲು ತೆಗೆದುಕೊಂಡಿತು. 2010ರಲ್ಲಿ ಭಾರತದ ಮೂರು ಸರ್ಕಾರಿ ಕಂಪನಿಗಳು ಸೇರಿ ಕರಬೊಬೊ ಯೋಜನೆಯಲ್ಲಿ 18% ಪಡೆದವು. 2012ರಲ್ಲಿ ರಿಲಯನ್ಸ್ ದಿನಕ್ಕೆ 3ರಿಂದ 4 ಲಕ್ಷ ಬ್ಯಾರೆಲ್‌ನ 15 ವರ್ಷದ ಖರೀದಿ ಒಪ್ಪಂದ ಮಾಡಿಕೊಂಡಿತು. ವೆನೆಜುವೆಲಾದ ಭಾರವಾದ, ಗಂಧಕ ಹೆಚ್ಚಿರುವ ತೈಲ ಎಲ್ಲರಿಗೂ ಬೇಡ. ಜಾಮ್‌ನಗರದಂಥ ಸಂಕೀರ್ಣ ಸಂಸ್ಕರಣಾಗಾರಕ್ಕೆ ಮಾತ್ರ ಅದು ಲಾಭದ ಮಾಲು. ಒಂದು ಹಂತದಲ್ಲಿ ನಮ್ಮ ಕಚ್ಚಾತೈಲ ಆಮದಿನ ಸುಮಾರು ಹತ್ತನೇ ಒಂದು ಪಾಲು ಅಲ್ಲಿಂದಲೇ ಬರುತ್ತಿತ್ತು. ಆದರೂ ದೆಹಲಿಯ ವಿದೇಶಾಂಗ ನೀತಿಯಲ್ಲಿ ಚಾವೆಜ್ ಅವರ ಗುರುತು ಹುಡುಕಿದರೂ ಸಿಗದು, ಯಾಕೆಂದರೆ ಭಾರತ ನಗದು ಕೊಟ್ಟು ಕೊಳ್ಳುತ್ತಿತ್ತು. 2019ರಲ್ಲಿ ಅಮೆರಿಕ ಪಿಡಿವಿಎಸ್ಎ ಮೇಲೆ ನಿರ್ಬಂಧ ಹೇರಿದ ನಂತರ ಖರೀದಿ ಇಳಿಯುತ್ತ ಬಂದು 2020ರಲ್ಲಿ ನಿಂತಾಗಲೂ ದೊಡ್ಡ ರಾಜಕೀಯ ಚರ್ಚೆ ಏಳಲಿಲ್ಲ. ಎಷ್ಟು ಬ್ಯಾರೆಲ್ ಎಂಬುದರಿಂದ ಪ್ರಭಾವವನ್ನು ಅಳೆಯಲಾಗದು ಎನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಚೀನಾದ ವಿಷಯದಲ್ಲಿ ಬಾಣದ ದಿಕ್ಕೇ ಬೇರೆ. 2007ರಿಂದ ಚೀನಾ ಅಭಿವೃದ್ಧಿ ಬ್ಯಾಂಕ್ ಕೊಟ್ಟ ಸಾಲ ಒಟ್ಟು 5,000 ಕೋಟಿ ಡಾಲರ್ ದಾಟಿತು, ತೀರಿಸುವುದು ತೈಲದಲ್ಲಿ. ಕೆರಿಬಿಯನ್‌ಗೆ ಚಾವೆಜ್ ಏನಾಗಿದ್ದರೋ ಚಾವೆಜ್ ಅವರಿಗೆ ಬೀಜಿಂಗ್ ಅದಾಗಿತ್ತು, ಅದೂ 1% ಬಡ್ಡಿಯ ಧಾರಾಳವಿಲ್ಲದೆ.

ವಿಚಾರಗಳ ಪ್ರಭಾವ ಬೇರೆಯೇ ಅಧ್ಯಾಯ. ಇಲ್ಲಿ ಎಚ್ಚರ ಬೇಕು. 2000ದ ದಶಕದಲ್ಲಿ ಲ್ಯಾಟಿನ್ ಅಮೆರಿಕದಲ್ಲಿ ಗೆದ್ದ ಎಡಪಕ್ಷಗಳನ್ನೆಲ್ಲ ಚಾವೆಜ್ ಖಾತೆಗೆ ಹಾಕುವುದು ಸುಲಭದ ತಪ್ಪು. ಬ್ರೆಜಿಲ್‌ನ ಲೂಲಾ ತಮ್ಮ ಕಾರ್ಮಿಕ ಸಂಘಟನೆಯ ಬಲದ ಮೇಲೆ ಬಂದವರು, ಬೊಲಿವಿಯಾದ ಇವೊ ಮೊರಾಲೆಸ್ ಕೋಕಾ ಬೆಳೆಗಾರರ ಚಳವಳಿಯಿಂದ. ಚಾವೆಜ್ ಬಹಿರಂಗವಾಗಿ ಕೈಯಿಟ್ಟ ಕಡೆ ಪೆಟ್ಟೇ ಬಿತ್ತು. 2006ರಲ್ಲಿ ಪೆರುವಿನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಒಯಾಂತಾ ಉಮಾಲಾ ಪರ ಅವರು ಮಾತಾಡಿದರು, ಎದುರಾಳಿ ಅಲನ್ ಗಾರ್ಸಿಯಾ ಅದನ್ನೇ ಪ್ರಚಾರದ ವಸ್ತು ಮಾಡಿಕೊಂಡು ಗೆದ್ದರು. ಅದೇ ಉಮಾಲಾ 2011ರಲ್ಲಿ ಚಾವೆಜ್ ಹೆಸರಿನಿಂದ ದೂರ ಸರಿದು, ಲೂಲಾ ಮಾದರಿ ಎಂದು ಹೇಳಿಕೊಂಡು ಆಯ್ಕೆಯಾದರು. 2006ರಲ್ಲೇ ಮೆಕ್ಸಿಕೊದಲ್ಲಿ ಎಡಪಂಥೀಯ ಅಭ್ಯರ್ಥಿ ಲೊಪೆಜ್ ಒಬ್ರಡಾರ್ ಅವರನ್ನು ಸೋಲಿಸಲು ಎದುರಾಳಿಗಳು ಚಾವೆಜ್ ಚಿತ್ರ ಹಾಕಿ ಜಾಹೀರಾತು ಮಾಡಿದರು. ಒಬ್ಬ ನಾಯಕನನ್ನು ಬೇರೆ ದೇಶದ ಜನ ಗುಮ್ಮನಂತೆ ಬಳಸುವುದೂ ಪ್ರಭಾವವೇ. ಚಾವೆಜ್ ಅವರ ಮಟ್ಟಿಗೆ ಇದು ತೈಲಕ್ಕಿಂತ ಹೆಚ್ಚು ಕಾಲ ಬಾಳಿತು.

ಅವರು ಖಚಿತವಾಗಿ ಹರಡಿದ್ದು ಒಂದು ವಿಧಾನ. ಗೆದ್ದ ಕೂಡಲೇ ಜನಮತಗಣನೆ ಮಾಡಿಸಿ ಸಂವಿಧಾನ ಸಭೆ ಕರೆಯುವುದು, ಹಳೆಯ ಸಂಸತ್ತನ್ನು ಬದಿಗೆ ಸರಿಸುವುದು, ಹೊಸ ಸಂವಿಧಾನವನ್ನು ಮತ್ತೆ ಜನಮತಕ್ಕೆ ಹಾಕುವುದು. ವೆನೆಜುವೆಲಾದಲ್ಲಿ ಇದೆಲ್ಲ 1999ರ ಏಪ್ರಿಲ್‌ನಿಂದ ಡಿಸೆಂಬರ್‌ನೊಳಗೆ ಮುಗಿಯಿತು. ಬೊಲಿವಿಯಾ 2006ರಿಂದ 2009ರಲ್ಲಿ, ಎಕ್ವಡಾರ್ 2007–08ರಲ್ಲಿ ಅದೇ ಹಾದಿ ಹಿಡಿದವು. ಹೊಂಡುರಾಸ್‌ನಲ್ಲಿ ಅಧ್ಯಕ್ಷ ಸೆಲಾಯಾ ಆ ದಿಕ್ಕಿಗೆ ಹೆಜ್ಜೆಯಿಟ್ಟಾಗ 2009ರ ಜೂನ್ 28ರಂದು ಸೇನೆ ಅವರನ್ನು ದೇಶದಿಂದ ಹೊರಗಟ್ಟಿತು. ಅಧಿಕಾರಾವಧಿಯ ಮಿತಿ ತೆಗೆಯುವ ಆಟವೂ (ವೆನೆಜುವೆಲಾ 2009, ನಿಕರಾಗುವಾ 2014, ಎಕ್ವಡಾರ್ 2015) ಇದೇ ಸಾಲಿನದು. ಆದರೆ ಮರುಚುನಾವಣೆಗಾಗಿ ಸಂವಿಧಾನ ತಿದ್ದಿದವರಲ್ಲಿ ಪೆರುವಿನ ಫುಜಿಮೊರಿ, ಕೊಲಂಬಿಯಾದ ಉರಿಬೆ ಮುಂತಾದ ಬಲಪಂಥೀಯರೂ ಇದ್ದರು ಎಂದು ಸೇರಿಸದಿದ್ದರೆ ವಾದ ಒಂದು ಕಾಲಿನ ಮೇಲೆ ನಿಲ್ಲುತ್ತದೆ.

ವಿವಾದದ ಭಾಗವನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಚಾವೆಜ್ ಅವರನ್ನು ಕೆಳಗಿಳಿಸಬೇಕೇ ಎಂದು ಕೇಳಿದ 2004ರ ಮರುಕರೆ ಮತದಾನಕ್ಕೆ ಸಹಿ ಹಾಕಿದವರ ಪಟ್ಟಿ ಹೊರಬಿದ್ದು ಅನೇಕರಿಗೆ ಸರ್ಕಾರಿ ಕೆಲಸ ತಪ್ಪಿತು. 2007ರಲ್ಲಿ ಆರ್‌ಸಿಟಿವಿ ವಾಹಿನಿಯ ಪರವಾನಗಿ ನವೀಕರಣವಾಗಲಿಲ್ಲ. 2009ರಲ್ಲಿ ಒಬ್ಬ ನ್ಯಾಯಾಧೀಶೆ ಕೊಟ್ಟ ಆದೇಶ ಹಿಡಿಸದೆ ಅವರನ್ನು ಬಂಧಿಸಲಾಯಿತು, ಅವರಿಗೆ ಕಠಿಣ ಜೈಲುಶಿಕ್ಷೆ ಆಗಬೇಕೆಂದು ಚಾವೆಜ್ ಟಿವಿಯಲ್ಲೇ ಹೇಳಿದರು. 2012ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕು ಒಡಂಬಡಿಕೆಯಿಂದ ಹೊರಬರುವ ನೋಟಿಸ್ ಕೊಟ್ಟರು. ಇನ್ನೊಂದು ಕಡೆ, ಅಧಿಕೃತ ಲೆಕ್ಕದಲ್ಲೇ ಅರ್ಧದಷ್ಟಿದ್ದ ಬಡತನ ಅವರ ಕಾಲದಲ್ಲಿ ಮೂರನೇ ಒಂದಕ್ಕಿಂತ ಕೆಳಗಿಳಿದದ್ದೂ ನಿಜ. ಬಡ ಬಡಾವಣೆಗಳಿಗೆ ಮೊದಲ ಬಾರಿ ವೈದ್ಯರು ಬಂದದ್ದೂ ನಿಜ. ಹೊರದೇಶಗಳಲ್ಲಿ ಅವರ ಬಗ್ಗೆ ಒಲವು ಬೆಳೆದದ್ದು ಇದನ್ನು ಕಂಡೇ.

ಲಂಡನ್ನಿನ ಬಸ್ಸು, ಅಮೆರಿಕದ ಬಡವರ ಮನೆಗೆ ಚಳಿಗಾಲದ ಇಂಧನ ಇವನ್ನು ಒಂದೊಂದು ಸಾಲಿನಲ್ಲಿ ಮುಗಿಸಿ. ಲಂಡನ್‌ನಲ್ಲಿ 2007ರಲ್ಲಿ ಬಡವರಿಗೆ ಅರ್ಧ ಟಿಕೆಟ್ ಯೋಜನೆಗೆ ವೆನೆಜುವೆಲಾ ಇಂಧನ ರಿಯಾಯಿತಿ ಕೊಟ್ಟಿತು, 2008ರಲ್ಲಿ ಮೇಯರ್ ಬದಲಾದರು, ಯೋಜನೆ ನಿಂತಿತು. ಪ್ರಚಾರ ಸಿಕ್ಕಿತು, ಬೇರೇನೂ ಉಳಿಯಲಿಲ್ಲ.

ಕೊನೆಗೆ ಕೆಲಸದ ಮಾತು. ಎಲ್ಲ ದೇಶಗಳನ್ನೂ ಹಿಡಿಯಲು ಹೋಗಬೇಡಿ. ಜಮೈಕಾ, ನಿಕರಾಗುವಾ, ಹೈಟಿ ಮೂರೇ ಸಾಕು, ಹಣ ಹಿಡಿದ ಕೈ ಮೂರೂ ಕಡೆ ಬೇರೆಬೇರೆ. ಪ್ರತಿಯೊಂದಕ್ಕೂ ವರ್ಷವಾರು ಕೋಷ್ಟಕ ಮಾಡಿ: ಇಳಿಸಿದ ಬ್ಯಾರೆಲ್, ಆ ವರ್ಷದ ಸರಾಸರಿ ಬೆಲೆ, ಉದ್ರಿಯ ಪಾಲು, ವರ್ಷಾಂತ್ಯದ ಸಾಲದ ಬಾಕಿ, ಓಎಎಸ್‌ನಲ್ಲಿ ಹಾಕಿದ ಮತ. ಬ್ಯಾರೆಲ್ ಲೆಕ್ಕಕ್ಕೆ ಒಪ್ಪಂದದ ಕೋಟಾ ಬಳಸಬೇಡಿ, ನಿಜಕ್ಕೂ ಇಳಿದದ್ದು ಅದಕ್ಕಿಂತ ಕಡಿಮೆ. ಸಾಲದ ಬಾಕಿಯನ್ನು ಸಾಲಗಾರ ದೇಶದ ಕೇಂದ್ರ ಬ್ಯಾಂಕಿನ ವರದಿಯಿಂದ ತೆಗೆದುಕೊಳ್ಳಿ, ಕೊಟ್ಟವರ ಪ್ರಕಟಣೆಯಿಂದ ಬೇಡ. ಘೋಷಣೆಗಳನ್ನು ಸಾಧನೆ ಎಂದು ಎಣಿಸುವ ಮುನ್ನ ಮೂರು ಹೆಸರು ನೆನಪಿಸಿಕೊಳ್ಳಿ. ವೆನೆಜುವೆಲಾದಿಂದ ಅರ್ಜೆಂಟೀನಾಕ್ಕೆ ಎಳೆಯುತ್ತೇವೆಂದ ಅನಿಲ ಕೊಳವೆ ಬರಲೇ ಇಲ್ಲ. 2007ರಲ್ಲಿ ಸಹಿಯಾದ ದಕ್ಷಿಣದ ಬ್ಯಾಂಕ್ ಒಂದು ಸಾಲವನ್ನೂ ಕೊಡಲಿಲ್ಲ. ಬ್ರೆಜಿಲ್‌ನ ಅಬ್ರೆಯು ಎ ಲಿಮಾ ಸಂಸ್ಕರಣಾಗಾರದಲ್ಲಿ ಪಿಡಿವಿಎಸ್ಎ ಹಾಕಬೇಕಿದ್ದ 40% ಬರಲಿಲ್ಲ, ಬ್ರೆಜಿಲ್‌ನ ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್ ಒಂದೇ ಕಟ್ಟಬೇಕಾಯಿತು. ಮತದ ಕಾಲಂನಲ್ಲಿ ಪರ, ವಿರೋಧ ಎಂದು ಎರಡೇ ಗುರುತು ಹಾಕಿದರೆ ನಿಮ್ಮ ಕೋಷ್ಟಕ ಏನನ್ನೂ ತೋರಿಸುವುದಿಲ್ಲ. ತಟಸ್ಥ ಮತ್ತು ಗೈರುಹಾಜರಿಗೆ ಬೇರೆಬೇರೆ ಗುರುತು ಇಡಿ.